ಗಲ್ಲಾದ ಹಿಂದೆ ನಿಂತು ಓದಿದ ಮಾವ

ಸಂಜೀವ ಮಾವ ನಿಂತುಕೊಂಡೇ ಓದುತ್ತಿದ್ದರು. ಅವರ ಬಗ್ಗೆ ನಾನು ಬರೆಯುವುದರಲ್ಲಿ ಇದೊಂದಕ್ಕೆ ಮಾತ್ರ ಬೇಕಾದಷ್ಟು ಸಾಕ್ಷಿಗಳಿದ್ದಾರೆ. ಉಳಿದದ್ದರಲ್ಲಿ ಎಷ್ಟು ನಡೆದದ್ದು, ಎಷ್ಟು ನಾನು ಆಮೇಲೆ ಸೇರಿಸಿಕೊಂಡದ್ದು ಎಂದು ಖಚಿತವಾಗಿ ಹೇಳಲಾರೆ. ಒಂದು ಬೇಸಿಗೆಯಿಡೀ ಅವರ ಮನೆಯ ಮೇಲಿನ ಕೋಣೆಯಲ್ಲಿ ಕೂತು ನಾನು ಕಾದಂಬರಿ ಬರೆಯುತ್ತಿದ್ದೆ. ಬೆಳಗಿನಿಂದ ಇಲ್ಲದ ಜನರ ಬಾಯಲ್ಲಿ ಮಾತು ಹಾಕಿ ಹಾಕಿ, ಸಂಜೆ ಕೆಳಗಿಳಿದು ಬಂದವನು ಇರುವ ಮನುಷ್ಯನ ಮಾತನ್ನು ಇದ್ದ ಹಾಗೆಯೇ ನೆನಪಿಟ್ಟುಕೊಂಡಾನೆಂದು ನನಗೇ ನಂಬಿಕೆಯಿಲ್ಲ. ಅತ್ತೆಗೆ ನೆನಪಿರುವುದೇ ಬೇರೆ, ನನಗೆ ನೆನಪಿರುವುದೇ ಬೇರೆ. ಇಬ್ಬರ ನೆನಪೂ ಹೊಂದದ ಕಡೆಯಲ್ಲಿ ಹಾಗೆಂದು ಹೇಳಿಬಿಡುತ್ತೇನೆ.

ಮಾವ ನನ್ನ ಅಮ್ಮನ ಅಣ್ಣ. ಚಿಕ್ಕಂದಿನಲ್ಲೇ ಮುಂಬೈಗೆ ಹೋಗಿ, ಹಗಲು ಹೋಟೆಲಿನಲ್ಲಿ ಮೇಜು ಒರೆಸಿ, ರಾತ್ರಿ ಶಾಲೆಯಲ್ಲಿ ಕಲಿತು, ಕೊನೆಗೆ ತಮ್ಮದೇ ಹೋಟೆಲು ಮಾಡಿದವರು. ವಯಸ್ಸಾದ ಮೇಲೆ ಅದನ್ನು ಬಿಟ್ಟು ಹಾಲಾಡಿಗೆ ಬಂದು ತಾರಸಿ ಮನೆ ಕಟ್ಟಿದರು. ಬರುವಾಗ ಪಾತ್ರೆ, ಗ್ರೈಂಡರ್, ಮೇಜು, ಕುರ್ಚಿ ಎಲ್ಲವನ್ನೂ ಅಲ್ಲೇ ಮಾರಿ, ಗಲ್ಲಾ ಒಂದನ್ನು ಮಾತ್ರ ಲಾರಿಯಲ್ಲಿ ಹಾಕಿಸಿ ತಂದರು. ಎದೆಮಟ್ಟದ ಸಾಗುವಾನಿ ಗಲ್ಲಾ ಅದು. ಜಗಲಿಯಲ್ಲಿ, ರಸ್ತೆಗೆ ಮುಖ ಮಾಡಿ ನಿಂತಿತ್ತು. ಬೆಳಿಗ್ಗೆ ಸ್ನಾನ ಮುಗಿಸಿ, ಬಿಳಿ ಅರ್ಧತೋಳಿನ ಅಂಗಿ ತೊಟ್ಟು, ಹೆಗಲ ಮೇಲಿನ ಬೈರಾಸು ವಸ್ತ್ರದಿಂದ ಗಲ್ಲಾವನ್ನು ಒಮ್ಮೆ ಒರೆಸಿಯೇ ಅವರು ಪುಸ್ತಕ ತೆರೆಯುತ್ತಿದ್ದದ್ದು. ದುಡ್ಡು ಹಾಕುತ್ತಿದ್ದ ಖಾನೆಯಲ್ಲಿ ಈಗ ಎರಡು ಕನ್ನಡಕ, ಒಂದು ಬಾಚಣಿಗೆ, ಹೋಟೆಲಿನ ಕಾಲದ ಪ್ಲಾಸ್ಟಿಕ್ ಟೋಕನ್‌ಗಳ ರಾಶಿ. ಆ ಟೋಕನ್‌ಗಳನ್ನೇ ಓದಿದಲ್ಲಿಗೆ ಗುರುತಾಗಿ ಇಡುತ್ತಿದ್ದರು.

ದಾರಿಯಲ್ಲಿ ಹೋಗುವವರಿಗೆ ಇದೊಂದು ತಮಾಷೆ. ಬೈಕ್ ನಿಧಾನ ಮಾಡಿ ಯಾರಾದರೂ ಕೂಗುತ್ತಿದ್ದರು:

"ಹ್ವಾಯ್ ಸಂಜೀವಣ್ಣ, ಎರಡ್ ಚಾ, ಒಂದ್ ಪ್ಲೇಟ್ ಗೋಳಿಬಜೆ!"

ಮಾವ ಪುಟದಿಂದ ಕಣ್ಣೆತ್ತದೆ ಹೇಳುತ್ತಿದ್ದರು: "ಚಾ ಮುಗ್ದಿತ್. ಪುಸ್ತಕ ಬಿಸಿ ಇತ್ತ್, ಕೊಡ್ಲಾ?"

ಕೂತು ಓದಬಾರದೇ ಎಂದು ನಾನು ಮೊದಲ ದಿನವೇ ಕೇಳಿದ್ದೆ. "ಕೂಕಂಡ್ರೆ ನಿದ್ರಿ ಬತ್ತ್ ಮಗಾ. ಗಲ್ಲಾದಲ್ಲಿ ನಿದ್ರಿ ಮಾಡ್ದವ ಊರಿಗ್ ಬಪ್ಪುಕೆ ಟಿಕೇಟಿಗೂ ಗತಿ ಇಲ್ದೆ ಹೋತ" ಎಂದರು. ನಿಂತು ನಿಂತು ಅವರ ಕಾಲಿನ ನರಗಳು ಉಬ್ಬಿ ಹಗ್ಗದ ಹಾಗಾಗಿದ್ದವು. ಅತ್ತೆ ಎಣ್ಣೆ ತಿಕ್ಕುತ್ತ ಬೈಯುತ್ತಿದ್ದರು. "ಹ್ವಾಯ್, ಹೋಟ್ಲ್ ಬಿಟ್ಟ್ ಬಂದ್ರಿಯಾ, ಕಟ್ಕಂಡ್ ಬಂದ್ರಿಯಾ?"

ನಾನು ಅಲ್ಲಿಗೆ ಹೋದದ್ದು ಮೂರು ಬೇಸಿಗೆಗಳ ಹಿಂದೆ. ಆಗ ಪದವಿ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕ. ಪಾಠ ಮುಗಿದ ಕೂಡಲೇ ಅತಿಥಿ ಮನೆಗೆ ಹೋಗಬೇಕು, ಕರೆದರೆ ಮತ್ತೆ ಬರಬೇಕು. ವಿಶ್ವವಿದ್ಯಾಲಯದಲ್ಲಿ ಬೇರೆಯವರ ಕಾದಂಬರಿಗಳ ಮೇಲೆ ಪ್ರಬಂಧ ಬರೆದು ಡಾಕ್ಟರೇಟ್ ಪಡೆದಿದ್ದೆ. ನನ್ನದೇ ಒಂದು ಕಾದಂಬರಿ ಅರ್ಧಕ್ಕೆ ನಿಂತು ವರ್ಷಗಳಾಗಿದ್ದವು. ಈ ಬೇಸಿಗೆಯಲ್ಲಿ ಅದು ಮುಗಿಯಬೇಕು, ಮುಗಿದದ್ದು ನನ್ನ ಮೇಲೆ ದಯೆ ತೋರಿಸದ ಒಬ್ಬ ಓದುಗನಿಗಾದರೂ ಹಿಡಿಸಬೇಕು. ಇಲ್ಲವಾದರೆ ಕತೆ ಬರೆಯುವ ಆಸೆಯನ್ನೇ ಬಿಡುವುದು ಎಂದು ತೀರ್ಮಾನಿಸಿದ್ದೆ. ತೀರ್ಮಾನ ಗಟ್ಟಿಯಾಗಿಯೇ ಇತ್ತು. ಆದರೆ ಬೈಂದೂರಿನ ನಮ್ಮ ಮನೆಯಲ್ಲಿ ಬಂದವರೆಲ್ಲ "ಕೆಲ್ಸ ಪರ್ಮನೆಂಟ್ ಆಯ್ತಾ?" ಎಂದು ಕೇಳಿ ಕೇಳಿ ಒಂದು ಪುಟವೂ ಸಾಗುತ್ತಿರಲಿಲ್ಲ. ಅಮ್ಮ ಅಣ್ಣನಿಗೆ ಫೋನ್ ಮಾಡಿ ಕಷ್ಟ ಹೇಳಿಕೊಂಡರು. ಆ ಕಡೆಯಿಂದ ಮಾವನ ದೊಡ್ಡ ದನಿ ನನಗೂ ಕೇಳಿಸಿತು.

"ಬಪ್ಪುಕೆ ಹೇಳ್ ಅವ್ನಿಗೆ. ಮೇಲಿನ ಕೋಣೆ ಖಾಲಿ ಇತ್ತ್. ನಾನೂ ಬಾಕಿ ಓದ್ತಾ ಇದ್ದೆ. ಒಬ್ಬ ಬರೀಲಿ, ಒಬ್ಬ ಓದ್ಲಿ."

ಬಾಕಿ ಎಂದರೆ ಓದಿನ ಬಾಕಿ. ಮುಂಬೈಯಲ್ಲಿದ್ದಷ್ಟು ಕಾಲವೂ ಮಾವ ಪುಸ್ತಕ ಕೊಂಡರು. ಕನ್ನಡ ಸಂಘಗಳ ಸಮಾರಂಭಗಳಲ್ಲಿ, ಫುಟ್‌ಪಾತಿನ ರಾಶಿಗಳಲ್ಲಿ, ಊರಿಗೆ ಬಂದಾಗ ಕುಂದಾಪುರದಲ್ಲಿ. ಕೊಂಡದ್ದನ್ನು ಓದಲು ಹೋಟೆಲು ಬಿಡಲಿಲ್ಲ. ಅವು ಅಟ್ಟದ ಮೇಲೆ ಅಕ್ಕಿ ಚೀಲ, ಸಾಂಬಾರು ಪುಡಿಯ ಡಬ್ಬಗಳ ನಡುವೆ ಕಾದು ಕುಳಿತವು. ಹಾಲಾಡಿಯ ಕಪಾಟಿಗೆ ಬಂದು ಸೇರಿದ ಮೇಲೂ ಕೆಲವನ್ನು ತೆರೆದರೆ ಇಂಗಿನ ವಾಸನೆ ಬರುತ್ತಿತ್ತು. ಅಟ್ಟದಲ್ಲಿ ಪುಸ್ತಕವಿಟ್ಟ ಹೋಟೆಲಿನವರು ಎಷ್ಟು ಮಂದಿ ಇದ್ದಾರೋ ನನಗೆ ಗೊತ್ತಿಲ್ಲ. ಇಟ್ಟದ್ದನ್ನು ಕೆಳಗಿಳಿಸಿ, ಒಂದೊಂದಾಗಿ, ಕೊಂಡ ಕ್ರಮದಲ್ಲೇ ಓದಲು ಹೊರಟವರು ಇವರೊಬ್ಬರೇ ಇರಬೇಕು.

"ಇದ್ ಓದಿದ್ಯಾ?" ಎಂದು ಒಂದು ಪುಸ್ತಕ ಎತ್ತಿ ಹಿಡಿದು ಕೇಳಿದರು ಒಮ್ಮೆ.

"ಅದರ ಬಗ್ಗೆ ಓದಿದ್ದೇನೆ ಮಾವ."

"ಬಗ್ಗೆ?" ಮಾವ ಕನ್ನಡಕದ ಮೇಲಿಂದ ನೋಡಿದರು. "ಮೆನು ಕಾರ್ಡ್ ಓದಿ ತೇಗ್ದೆ ಅಂತ್ಯಲ್ದಾ?"

ನಾನೂ ಸುಮ್ಮನಿರಲಿಲ್ಲ. "ನೀವು ಕೊಂಡು ಕೊಂಡು ಓದದೇ ಇಟ್ಟಿರಲ್ಲ, ಅದಕ್ಕೇನು ಹೇಳುವುದು?"

"ಅದ್ ಸ್ಟೋರ್ ರೂಮ್ ಮಾರಾಯಾ. ಸಾಮಾನ್ ತುಂಬ್ಸಿಟ್ಟವನಿಗೆ ಎಂದಾರೂ ಒಲೆ ಹಚ್ಚುಕಾತ್ತ್. ಮೆನು ಒಂದೇ ಇದ್ದವ ಎಂತ ಬೇಯ್ಸ್ತ?"

ಅವರ ಮಾತು ತಮಾಷೆಗೆ. ಆದರೂ ನನ್ನ ಸ್ಥಿತಿ ಹಾಗೇ ಇತ್ತು. ವಿಶ್ವವಿದ್ಯಾಲಯ ಸೇರಿದ ಮೇಲೆ ನಾನು ಒಂದು ಪುಸ್ತಕವನ್ನೂ ಸುಮ್ಮನೆ ಓದಿರಲಿಲ್ಲ. ಪೆನ್ಸಿಲ್ ಹಿಡಿದು, ಉಪಯೋಗಕ್ಕೆ ಬರುವ ಸಾಲು ಹುಡುಕುತ್ತ ಓದಿದ್ದೆ. ಆ ಬೇಸಿಗೆಯಲ್ಲಿ ನಾನೂ ನನ್ನ ಬಾಕಿ ತೀರಿಸತೊಡಗಿದೆ. ಬೆಳಿಗ್ಗೆ ಮೇಲೆ ಬರೆಯುವುದು. ಮಧ್ಯಾಹ್ನದ ಗಂಜಿ, ಚಟ್ನಿಯ ನಂತರ ಮಾವ ಅಡ್ಡಾದಾಗ ಅವರು ಬೆಳಿಗ್ಗೆ ಓದುತ್ತಿದ್ದ ಪುಸ್ತಕವನ್ನೇ ನಾನು ಹಿಡಿಯುವುದು. ಒಂದೇ ಪುಸ್ತಕದಲ್ಲಿ ಎರಡು ಟೋಕನ್. ಅವರದು ಕೆಂಪು, ನನ್ನದು ಹಳದಿ. ಸಂಜೆ ಬಂದು ಹಳದಿ ಟೋಕನ್ ಮುಂದೆ ಹೋಗಿರುವುದನ್ನು ಕಂಡರೆ ಅವರಿಗೆ ಸಿಟ್ಟು.

"ನೀ ಮುಂದೆ ಹೋಪುಕಾಗ. ಅವ್ಳ್ ಸಾಯ್ತ್ಳಾ ಬದುಕ್ತ್ಳಾ ಅಂತ ನಿನ್ ಮೋರೆಯಲ್ಲೇ ಕಾಂತ್. ಊಟಕ್ ಕೂಕಂಬ ಹೊತ್ತಿಗೆ ಮೋರೆ ತೊಳ್ಕಂಡ್ ಬಾ!"

ಅತ್ತೆ ನಗುತ್ತಿದ್ದರು. ಓದಿನ ವಿಷಯಕ್ಕೆ ಅವರು ಬರುತ್ತಿರಲಿಲ್ಲ. ಟೀವಿಯ ಧಾರಾವಾಹಿ ಸಾಕು ಎನ್ನುತ್ತಿದ್ದರು. ಆದರೆ ಯಾವ ಪುಸ್ತಕ ಮಾವನಿಗೆ ಹಿಡಿಸಿದೆ ಎಂದು ನಾವು ಹೇಳುವ ಮೊದಲೇ ಅವರಿಗೆ ಗೊತ್ತಾಗುತ್ತಿತ್ತು. ಹಿಡಿಸಿದ ಪುಸ್ತಕವಿದ್ದ ದಿನ ಮಾವ ಮೀನು ಸಾರಿನಲ್ಲಿ ಉಪ್ಪು ಹೆಚ್ಚಾದರೂ ಮಾತಾಡುತ್ತಿರಲಿಲ್ಲವಂತೆ.

ಹಿಡಿಸಿತೋ ಇಲ್ಲವೋ ಎಂಬುದಕ್ಕೆ ಅವರದ್ದೇ ಒಂದು ಗುರುತು ಇತ್ತು. ಅದು ನನಗೆ ತಿಳಿದದ್ದು ಆಕಸ್ಮಿಕವಾಗಿ. ಅವರು ಓದಿ ಮುಗಿಸಿದ ಪುಸ್ತಕಗಳಲ್ಲಿ ಒಂದನ್ನು ತೆಗೆದು ನೋಡಿದರೆ ಕೊನೆಯ ಪುಟದ ಮೇಲಿನ ಮೂಲೆ ದೊಡ್ಡದಾಗಿ ಕೆಳಗೆ ಮಡಚಿತ್ತು. ಗೀರಿ ಗೀರಿ ಮಡಚಿದ್ದು, ತಪ್ಪಿ ಆದದ್ದಲ್ಲ. ಇನ್ನೊಂದರಲ್ಲೂ ಹಾಗೇ. ಗ್ರಂಥಾಲಯದಲ್ಲಿ ಬೆಳೆದವನು ನಾನು. ಪುಟ ಮಡಚುವವರನ್ನು ಕಂಡರೆ ಆಗದು.

"ಮಾವ, ಪುಸ್ತಕವನ್ನು ಹೀಗೆ ಮಡಚುವುದೇ?"

"ಉಂಡಾದ್ ಮೇಲೆ ಎಲೆ ಮಡಚುದಿಲ್ಯಾ?" ಎಂದರು, ನಾನೇ ಮರ್ಯಾದೆ ಇಲ್ಲದವನು ಎಂಬ ಹಾಗೆ.

ಬಾಳೆಎಲೆಯಲ್ಲಿ ಉಂಡವರು ಎಲೆಯ ಮೇಲಿನ ಅರ್ಧವನ್ನು ತಮ್ಮ ಕಡೆಗೆ ಮಡಚಿದರೆ ಊಟ ತೃಪ್ತಿಯಾಯಿತು, ಇಂಥ ಊಟ ಮತ್ತೆ ಬರಲಿ ಎಂದು ಅರ್ಥ. ಬೊಜ್ಜದ ಊಟದಲ್ಲಿ, ಎಂದರೆ ಸತ್ತವರ ಉತ್ತರಕ್ರಿಯೆಯ ಊಟದಲ್ಲಿ, ಹಾಗೆ ಮಾಡುವ ಹಾಗಿಲ್ಲ. ಕೆಳಗಿನ ಅರ್ಧವನ್ನು ಎತ್ತಿ ಆಚೆಗೆ ಮಡಚಬೇಕು. ಇಂಥ ಊಟ ಮತ್ತೆ ಬಾರದಿರಲಿ. ಈ ರೂಢಿ ಎಲ್ಲರಲ್ಲೂ ಹೀಗೇ ಇದೆಯೆಂದು ನಾನು ಹೇಳಲಾರೆ. ತಿರುಗುಮುರುಗಾಗಿ ಮಾಡುವವರೂ ಇದ್ದಾರಂತೆ. ಮಾವನ ಮನೆಯಲ್ಲಿ ಹೀಗೆ. ಅವರು ಅದನ್ನು ಪುಸ್ತಕಕ್ಕೂ ತಂದಿದ್ದರು. ಹೊಲಿಗೆ ಹಾಕಿದ ಪುಟವನ್ನು ಪೂರ್ತಿ ಮಡಚಲು ಬರುವುದಿಲ್ಲ, ಆದ್ದರಿಂದ ಮೂಲೆ. ಮೇಲಿನ ಮೂಲೆ ಕೆಳಗಿಳಿದಿದ್ದರೆ ಹೊಟ್ಟೆ ತುಂಬಿತು. ಕೆಳಗಿನ ಮೂಲೆ ಮೇಲೇರಿದ್ದರೆ ಬೊಜ್ಜ.

ಬಹಳ ಹೆಸರು ಮಾಡಿದ, ನಾನು ನನ್ನ ಪ್ರಬಂಧದಲ್ಲಿ ಒಂದು ಅಧ್ಯಾಯವನ್ನೇ ಮೀಸಲಿಟ್ಟ ಕಾದಂಬರಿಯೊಂದನ್ನು ಕಪಾಟಿನಲ್ಲಿ ಹುಡುಕಿ ತೆಗೆದೆ. ಕೆಳಗಿನ ಮೂಲೆ ಮೇಲೆ ಹೋಗಿತ್ತು.

"ಇದು ಕೂಡಾ?"

"ಬೊಜ್ಜದೂಟ" ಎಂದರು ಮಾವ ನೆಮ್ಮದಿಯಿಂದ. "ಪಾಯಸವೂ ಇತ್ತ್, ಹೋಳಿಗಿಯೂ ಇತ್ತ್. ಆರೆ ಮನಿಯಲ್ಲಿ ಯಾರೋ ಸತ್ತಿದ್ರ್."

"ಬಿಡ್ತ್ ಅನ್ನಿ! ಬಾಯಲ್ಲಿ ಒಳ್ಳೆ ಮಾತೇ ಇಲ್ದಾ?" ಒಳಗಿನಿಂದ ಅತ್ತೆ.

ಕೆಲವು ಪುಸ್ತಕಗಳಲ್ಲಿ ಮಡಿಕೆ ಕೊನೆಯ ಪುಟದಲ್ಲಿರದೆ ನಡುವೆಲ್ಲೋ ಇತ್ತು. ಅದೇಕೆ ಎಂದು ಕೇಳಿದ ನೆನಪಿದೆ. ಅವರು ಏನೋ ಹೇಳಿದರು. ಅಷ್ಟರಲ್ಲಿ ಗ್ಯಾಸ್ ಸಿಲಿಂಡರಿನವನು ಬಂದ. ಆಮೇಲೆ ನಾನು ಮತ್ತೆ ಕೇಳಲಿಲ್ಲ.

ಇಂಥವರ ಕೈಗೆ ನನ್ನ ಅಧ್ಯಾಯಗಳನ್ನು ಕೊಡಲು ಹೆದರಿಕೆ ಇತ್ತು. ಆದರೆ ನಾನು ಹುಡುಕುತ್ತಿದ್ದ, ದಯೆ ತೋರಿಸದ ಓದುಗ ಇವರೇ ಅಲ್ಲವೇ. ಮೊದಲ ಮೂರು ಅಧ್ಯಾಯಗಳ ಬಿಡಿ ಹಾಳೆಗಳನ್ನು ಒಂದು ಬೆಳಿಗ್ಗೆ ಗಲ್ಲಾದ ಮೇಲಿಟ್ಟು ಮೇಲೆ ಓಡಿದೆ. ಒಂದು ವಾರ ಅವು ಅವರ ಬಳಿಯೇ ಇದ್ದವು. ಆಮೇಲೆ ಹಾಳೆಗಳನ್ನು ವಾಪಸು ಕೊಟ್ಟರು. ಒಂದು ಪುಟದ ಮೇಲೆ ನಾಲ್ಕು ಟೋಕನ್‌ಗಳನ್ನು ಅಂಟುಪಟ್ಟಿಯಿಂದ ಅಂಟಿಸಿದ್ದರು, ಹೆಚ್ಚು ಕಡಿಮೆ ಒಂದೇ ಸಾಲಿನಲ್ಲಿ.

"ಎಂತ ಮಾವ ಇದು?"

"ನಾಲ್ಕ್ ಗಿರಾಕಿ ಇಲ್ಲೇ ಕೈ ತೊಳ್ದ್ ಎದ್ದ್ ಹೋಯ್ರ್."

ಆ ವಾರ ಮನೆಗೆ ಬಂದವರಿಗೆಲ್ಲ ಅವರು ನನ್ನ ಅಧ್ಯಾಯ ಬಡಿಸಿದ್ದರು. ಪಂಚಾಯ್ತಿ ಸದಸ್ಯ, ಪಂಪ್ ರಿಪೇರಿಗೆ ಬಂದವನು, ಬ್ರಹ್ಮಾವರದಿಂದ ಮದುವೆ ಕರೆಯಲು ಬಂದ ನೆಂಟರು, ಯಾರನ್ನೂ ಬಿಟ್ಟಿರಲಿಲ್ಲ. "ಚಾ ಆಪುವರೆಗೆ ಚೂರ್ ಕಾಣಿ" ಎಂದು ಕೈಗೆ ಕೊಟ್ಟು, ತಾವು ಗಲ್ಲಾದ ಹಿಂದೆ ನಿಂತು, ಓದುವವರ ಕಣ್ಣು ಹಾಳೆಯಿಂದ ಎದ್ದು ರಸ್ತೆಯ ಕಡೆ ಹೋದದ್ದು ಎಲ್ಲಿ ಎಂದು ಗಮನಿಸಿ ಟೋಕನ್ ಇಟ್ಟಿದ್ದರು. ಚೆನ್ನಾಗಿದೆಯೇ ಎಂದು ಒಬ್ಬರನ್ನೂ ಕೇಳಿರಲಿಲ್ಲ. ಹೋಟೆಲಿನಲ್ಲೂ ಅವರು ಕೇಳುತ್ತಿರಲಿಲ್ಲವಂತೆ. "ಕೇಂಡ್ರೆ ಎಲ್ಲರೂ ಫಸ್ಟ್ ಕ್ಲಾಸ್ ಅಂತ್ರ್. ತೊಳುಕೆ ಬಂದ ತಟ್ಟೆ ಸುಳ್ಳ್ ಹೇಳುದಿಲ್ಲ. ನಾ ದಿನಾ ತಟ್ಟೆ ಕಾಂತಿದ್ದೆ."

ಟೋಕನ್ ಅಂಟಿಸಿದ ಆ ಪುಟ ನನಗೆ ಅತ್ಯಂತ ಪ್ರಿಯವಾದದ್ದು. ಕಾಲದ ಬಗ್ಗೆ ನನ್ನ ನಾಯಕನ ಚಿಂತನೆ ಅಲ್ಲಿಂದ ಶುರುವಾಗಿ ಮುಂದಕ್ಕೂ ಹರಿಯುತ್ತಿತ್ತು. ನನಗೆ ವಿಪರೀತ ಕೋಪ ಬಂತು. ಸಾಹಿತ್ಯ ಗಿರಾಕಿಗಳಿಗಾಗಿ ಬೇಯಿಸುವ ತಿಂಡಿಯಲ್ಲ, ಓದುಗ ಬೆಳೆಯಬೇಕು, ಎಲ್ಲವೂ ಎಲ್ಲರಿಗೂ ರುಚಿಸಬೇಕಾಗಿಲ್ಲ ಎಂದು ಒಂದು ಉಪನ್ಯಾಸವನ್ನೇ ಕೊಟ್ಟೆ. ಮಾವ ಕೊನೆಯವರೆಗೂ ಕೇಳಿದರು. ಅವರು ಹಾಗೆ, ಎದುರಿನವನ ಮಾತನ್ನು ನಡುವೆ ತುಂಡರಿಸುವವರಲ್ಲ. ಆಮೇಲೆ ಹೇಳಿದ್ದು ಇಷ್ಟೇ:

"ನಿನ್ ಮಾತ್ ಸಮ. ಅವ್ರ್ ಎದ್ದ್ ಹೋದ್ದೂ ಸಮ."

ನಾನು ಎರಡು ದಿನ ಗಲ್ಲಾದ ಹತ್ತಿರ ಸುಳಿಯಲಿಲ್ಲ. ಮೂರನೆಯ ದಿನ ಆ ಪುಟಗಳನ್ನು ತೆಗೆದೆ. ತೆಗೆದದ್ದು ಅವರಿಗೆ ಹೆದರಿ ಅಲ್ಲ. ತೆಗೆದು ನೋಡೋಣ ಎಂದು. ತೆಗೆದ ಮೇಲೆ ಅಲ್ಲಿ ಏನೂ ಕಡಿಮೆಯಾದ ಹಾಗೆ ಕಾಣಲಿಲ್ಲ. ಅದು ನನಗೆ ಇನ್ನಷ್ಟು ಕಸಿವಿಸಿ ಮಾಡಿತು.

ಮಾವನ ಮಾತೆಲ್ಲ ಸರಿಯಾಗುತ್ತಿತ್ತು ಎಂದು ಹೇಳಿದರೆ ಅದು ಸುಳ್ಳಾಗುತ್ತದೆ. "ನಿನ್ ಕಥಿಯಲ್ಲಿ ಯಾರೂ ಉಂಬುದೇ ಇಲ್ಯಾ? ಇಷ್ಟ್ ಪುಟ ಆಯ್ತ್, ಒಬ್ಬನಾರೂ ಒಂದ್ ಚಾ ಕುಡೀಲಿ ಮಾರಾಯಾ" ಎಂದು ಅವರು ಪೀಡಿಸಿದ್ದಕ್ಕೆ ನಾನು ಒಂದು ಭರ್ಜರಿ ಊಟದ ಪ್ರಸಂಗ ಬರೆದೆ. ಕೋಳಿ ಸಾರು, ಕೊಟ್ಟೆ ಕಡುಬು, ಬಡಿಸುವವರ ಓಡಾಟ ಎಲ್ಲ ಇತ್ತು. ಮಾವ ಓದಿ ಖುಷಿಪಟ್ಟು ಬಂದವರ ಕೈಗೆ ಕೊಟ್ಟರು. ಟೋಕನ್‌ಗಳೆಲ್ಲ ಸರಿಯಾಗಿ ಕೋಳಿ ಸಾರಿನ ಹತ್ತಿರವೇ ಬಿದ್ದವು. ಒಬ್ಬರಂತೂ ಆ ಪುಟ ಓದುತ್ತಲೇ ಹಸಿವಾಯಿತೆಂದು ಮನೆಗೆ ಎದ್ದು ಹೋದರಂತೆ. ಆ ದಿನ ಮಾವ ನಕ್ಕಷ್ಟು ಬೇರೆ ಯಾವತ್ತೂ ನಕ್ಕದ್ದನ್ನು ನಾನು ನೋಡಲಿಲ್ಲ. ಗಲ್ಲಾದ ಮೇಲೆ ಎರಡೂ ಕೈ ಊರಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕು, "ಹೋಟ್ಲಿನವನ ಮಾತ್ ಕೇಂಡ್ ಬರೆದ್ರೆ ಹೀಂಗೇ ಆಪುದ್. ತೆಗಿ ಅದನ್ನ, ತೆಗಿ!" ಎಂದರು. ತಮ್ಮ ಸೋಲನ್ನು ಹೀಗೆ ಸವಿಯುವವರನ್ನು ನಾನು ವಿಶ್ವವಿದ್ಯಾಲಯದಲ್ಲಿ ಕಂಡಿರಲಿಲ್ಲ. ಅವರನ್ನು ಗಟ್ಟಿಯಾಗಿ ನಂಬತೊಡಗಿದ್ದು ಅಂದಿನಿಂದ.

ಈಗ ಕಾದಂಬರಿಯ ಕತೆ ಏನೆಂದು ಹೇಳಬೇಕು. ಹೊಳೆಯ ಕಡವಿನಲ್ಲಿ ದೋಣಿ ದಾಟಿಸುವ ಅಣ್ಣ ತಮ್ಮಂದಿರು. ಒಂದೇ ದೋಣಿ, ಇಬ್ಬರ ಕೈಯಲ್ಲೂ ದೋಣಿ ನೂಕುವ ಜಲ್ಲೆ. ಸೇತುವೆ ಬರುತ್ತದೆ, ದೋಣಿಗೆ ಕೆಲಸ ಕಡಿಮೆಯಾಗುತ್ತದೆ, ಸಣ್ಣ ಮಾತಿಗೆ ಅವರು ಮುನಿಸಿಕೊಂಡು ಒಬ್ಬ ಈ ದಡದಲ್ಲಿ, ಒಬ್ಬ ಆ ದಡದಲ್ಲಿ ಉಳಿಯುತ್ತಾರೆ. ಕೊನೆ ಹೇಗೆ ಎಂಬುದು ನನಗೆ ಹೊಳೆದಿರಲಿಲ್ಲ. ಬರವಣಿಗೆ ಅಲ್ಲಿ ಸಿಕ್ಕಿಹಾಕಿಕೊಂಡು ನಾನು ಮುಖ ಬಾಡಿಸಿಕೊಂಡಿದ್ದಾಗ ಮಾವ ಕಾರು ತೆಗೆದು "ನೀರ್ ಕಾಂಬ, ಬಾ" ಎಂದು ಕುಂದಾಪುರದ ಕೋಡಿ ಕಡಲತೀರಕ್ಕೆ ಕರೆದುಕೊಂಡು ಹೋದರು. ಅತ್ತೆಯ ಪ್ರಕಾರ ಅದು ಕೋಡಿ ಅಲ್ಲ, ಮರವಂತೆ; ಬರುವಾಗ ಮೀನು ತಂದದ್ದೂ ಅವರಿಗೆ ನೆನಪಿದೆ. ನನ್ನ ನೆನಪಿನಲ್ಲಿ ಹೊಳೆ ಸಮುದ್ರ ಸೇರುವ ಜಾಗ, ಆಚೆ ದಡದ ದೋಣಿಗಳು ಇವೆ. ಅವು ನನ್ನ ಕಾದಂಬರಿಯಿಂದಲೇ ನೆನಪಿನೊಳಗೆ ಬಂದು ಕೂತಿರಬಹುದು. ಎಲ್ಲಿಯೇ ಆಗಲಿ, ಮಾವ ತಮ್ಮ ತಮ್ಮನ ವಿಷಯ ಎತ್ತಿದ್ದು ಅಂದು.

ಚಿಕ್ಕ ಮಾವ ಮೊದಲು ಇವರ ಜೊತೆ ಹೋಟೆಲಿನಲ್ಲೇ ಇದ್ದವರು. ಬೇರೆಯಾಗಿ ಬಹಳ ವರ್ಷವಾಗಿತ್ತು; ಮಾತು ಬಿಟ್ಟೂ ಅಷ್ಟೇ ವರ್ಷ. ಏಕೆಂದು ಮನೆಯಲ್ಲಿ ಯಾರೂ ಹೇಳುತ್ತಿರಲಿಲ್ಲ. ನಾನು ಕೇಳಿಯೇಬಿಟ್ಟೆ.

ಮಾವ ನೀರನ್ನು ನೋಡುತ್ತ ಹೇಳಿದರು: "ಅವ ಗಲ್ಲಾದಲ್ಲಿ ಕೂಕಂಬವ. ನಾ ನಿತ್ಕಂಬವ. ಅಷ್ಟೇ."

"ಅಷ್ಟಕ್ಕೇ ಜಗಳವೇ?"

"ಅಷ್ಟ್ ಸಾಲ್ದಾ?"

ವಾಪಸು ಬರುವಾಗ ದಾರಿಯುದ್ದಕ್ಕೂ ನಾನೇ ಮಾತಾಡಿದೆ. ಮನೆಗೆ ಬಂದು ಮೇಲೆ ಹತ್ತಿದವನಿಗೆ ಕೊನೆ ಹೊಳೆದೇಬಿಟ್ಟಿತ್ತು: ಅಣ್ಣ ತಮ್ಮಂದಿರು ಒಂದಾಗಬೇಕು. ಮಾವನಿಗಾಗಿ ಒಂದಾಗಬೇಕು. ಅವರಿಗೆ ಬದುಕಿನಲ್ಲಿ ಸಿಗದ್ದನ್ನು ನಾನು ಪುಟದಲ್ಲಿ ಕೊಡುತ್ತೇನೆ ಎಂಬ ಹುಮ್ಮಸ್ಸಿನಲ್ಲಿ ಕೊನೆಯ ಎರಡು ಅಧ್ಯಾಯಗಳನ್ನು ಬರೆದೆ. ಸೇತುವೆಯ ಮೇಲೆ ಇಬ್ಬರೂ ಎರಡು ಕಡೆಯಿಂದ ನಡೆದು ಬಂದು ನಡುವೆ ಭೇಟಿಯಾಗುತ್ತಾರೆ; ಅಪ್ಪಿಕೊಳ್ಳುತ್ತಾರೆ; ಹಳೆಯ ದೋಣಿಗೆ ಮತ್ತೆ ಡಾಂಬರು ಬಳಿಯುತ್ತಾರೆ.

ಕಾದಂಬರಿ ಮುಗಿಯಿತು. ಕಾಲೇಜು ಶುರುವಾಗುವ ಹೊತ್ತಾಗಿ ನಾನು ಹೊರಡಬೇಕಾಯಿತು. ಮುಗಿದ ಪ್ರತಿಯನ್ನು ಹಾಲಾಡಿಯಲ್ಲೇ ಪ್ರಿಂಟ್ ಹಾಕಿಸಿ, ಬಿಡಿ ಹಾಳೆಗಳ ಕಟ್ಟಿಗೆ ದಾರ ಸುತ್ತಿ ಮಾವನ ಕೈಗೆ ಕೊಟ್ಟೆ. ಈ ಸಲ ಬಂದವರಿಗೆಲ್ಲ ಬಡಿಸಬೇಡಿ, ನೀವೊಬ್ಬರೇ ಓದಿ ಎಂದೆ. ನನ್ನ ತೀರ್ಮಾನವನ್ನೂ ಹೇಳಿದೆ: "ನೀವು ಬೊಜ್ಜ ಅಂದರೆ ಇದೇ ಕೊನೆ. ಮತ್ತೆ ಬರೆಯುವುದಿಲ್ಲ."

ಮಾವ ಕಟ್ಟನ್ನು ಎರಡೂ ಕೈಯಲ್ಲಿ ತೂಗಿ ನೋಡಿದರು. "ಈಗ ಓದುದಿಲ್ಲೆ. ಚೂರ್ ಹಸಿವಾಯ್ಲಿ. ಹಸಿವಿಲ್ದೆ ಉಂಡ್ರೆ ಅಡಿಗಿಗೆ ಅವಮಾನ."

ಬಸ್ಸಿನವರೆಗೆ ಜೊತೆಗೆ ಬಂದರು. ಬಸ್ಸು ಬಂದು ನಿಂತಾಗ ಏನೋ ಹೇಳಿದರು. "ಎಲೆ ಮಡಚಿದವನಿಗೆ ಮತ್ತೆ ಬಡ್ಸುಕಾಗ" ಎಂದು ಹೇಳಿದರೆಂದು ನನ್ನ ನೆನಪು. ಆದರೆ ಬಸ್ಸಿನ ಸದ್ದು, ಕಂಡಕ್ಟರನ ಕೂಗು. ನಾನು ಒಂದು ಕಾಲು ಮೆಟ್ಟಿಲ ಮೇಲಿಟ್ಟಾಗಿತ್ತು. ಅದು ಅವರು ಆ ದಿನ ಹೇಳಿದ್ದೋ, ಗ್ಯಾಸ್ ಸಿಲಿಂಡರಿನವನು ಬಂದ ದಿನ ಹೇಳಿದ್ದೋ, ಅಥವಾ ಆಮೇಲೆ ನಡೆದದ್ದಕ್ಕೆ ಹೊಂದುವಂತೆ ನಾನೇ ಅವರ ಬಾಯಲ್ಲಿ ಇಟ್ಟದ್ದೋ, ಎಷ್ಟು ಯೋಚಿಸಿದರೂ ತಿಳಿಯುವುದಿಲ್ಲ. ಕಿಟಕಿಯಿಂದ ನೋಡಿದಾಗ ಬೈರಾಸನ್ನು ಹೆಗಲಿಗೆ ಹಾಕಿಕೊಂಡು ರಸ್ತೆ ದಾಟುತ್ತಿದ್ದರು. ನಾನು ಅವರನ್ನು ಕಂಡದ್ದು ಅದೇ ಕೊನೆ.

ಆಮೇಲೆ ಫೋನಿನಲ್ಲಿ ಕೆಲವು ಸಲ ಓದಿದಿರಾ ಎಂದು ಕೇಳಿದೆ. ಮಳೆ, ಕರೆಂಟ್ ಇಲ್ಲ, ಬಾಕಿ ಪುಸ್ತಕ ಒಂದು ನಡುವೆ ಇದೆ ಎಂದರು. ಒಮ್ಮೆ "ನಿಂದ್ ಶುರು ಮಾಡಿದ್ದೆ" ಎಂದರು. ಹೇಗಿದೆ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ತಟ್ಟೆ ನೋಡುವವರನ್ನು ರುಚಿ ಕೇಳಬಾರದು. ಆಟಿ, ಎಂದರೆ ಆಷಾಢ ತಿಂಗಳ ಜಡಿಮಳೆಯಲ್ಲಿ ಒಂದು ಬೆಳಿಗ್ಗೆ ಅಮ್ಮನ ಫೋನ್ ಬಂತು. ಹೃದಯಾಘಾತ. ಗಲ್ಲಾದ ಹಿಂದೆ ನಿಂತು ಓದುತ್ತಿದ್ದಾಗಲೇ ಹೋದರು ಎಂದು ನೆಂಟರು ಈಗಲೂ ಹೇಳುತ್ತಾರೆ. ಬಚ್ಚಲಿನಿಂದ ಬಂದು ತಲೆ ಒರೆಸಿಕೊಳ್ಳುತ್ತಿದ್ದಾಗ ಎಂದು ಅತ್ತೆ ಹೇಳುತ್ತಾರೆ. ನೆಂಟರ ಮಾತು ಚೆನ್ನಾಗಿದೆ. ನಾನು ನಂಬುವುದು ಅತ್ತೆಯನ್ನು.

ಬೊಜ್ಜದ ದಿನ ಚಿಕ್ಕ ಮಾವ ಮುಂಬೈಯಿಂದ ಬಂದಿದ್ದರು. ಜನ ಊಟಕ್ಕೆ ಎದ್ದು ಜಗಲಿ ಖಾಲಿಯಾದಾಗ ಅವರು ಗಲ್ಲಾದ ಹಿಂದೆ ಹೋದರು. ಕೂರಲು ಏನಾದರೂ ಇದೆಯೇ ಎಂದು ಸುತ್ತ ನೋಡಿದರು. ಏನೂ ಇರಲಿಲ್ಲ. ಸ್ವಲ್ಪ ಹೊತ್ತು ಗಲ್ಲಾದ ಮೇಲೆ ಕೈ ಇಟ್ಟು ನಿಂತರು. ಆಮೇಲೆ ಒಳಗೆ ಹೋದರು. ಅವತ್ತು ಊಟದ ಕೊನೆಗೆ ನಾನು ಎಲೆಯನ್ನು ಆಚೆಗೆ ಮಡಚಿರಲೇಬೇಕು. ಹಾಗೆ ಮಡಚಿದ ನೆನಪು ಮಾತ್ರ ನನಗಿಲ್ಲ.

ಹೊರಡುವಾಗ ಅತ್ತೆ ಪ್ಲಾಸ್ಟಿಕ್ ಚೀಲವೊಂದನ್ನು ಕೊಟ್ಟರು. "ನಿನ್ ಕಾಗ್ದ. ಗಲ್ಲಾದ ಖಾನಿಯಲ್ಲಿ ಇತ್ತ್." ದಾರ ಸುತ್ತಿಯೇ ಇತ್ತು. ಮಾವ ಓದಿದ್ದಾರೋ ಇಲ್ಲವೋ ಎಂದು ಅತ್ತೆಗೆ ತಿಳಿದಿರಲಿಲ್ಲ. "ಆ ದಿನಗಳಲ್ಲಿ ಸಾರಿಗೆ ಉಪ್ಪು ಹೆಚ್ಚಾದರೂ ಮಾವ ಸುಮ್ಮನೆ ಉಂಡರೇ ಅತ್ತೆ?" ಎಂದು ಕೇಳಬೇಕೆನಿಸಿತು. ಕೇಳುವ ಹೊತ್ತು ಅದಲ್ಲ.

ಆ ಚೀಲವನ್ನು ನಾನು ಬಿಚ್ಚಲಿಲ್ಲ. ಉತ್ತರ ಸಿಗದ ಮೇಲೆ ತೀರ್ಮಾನ ತಾನಾಗಿಯೇ ಆದಂತಾಯಿತು, ಬರೆಯುವುದನ್ನು ಬಿಟ್ಟೆ. ಮುಂದಿನ ಬೇಸಿಗೆಯಲ್ಲಿ ಕಾಲೇಜಿನ ಅತಿಥಿ ನಾನು ಮತ್ತೆ ಮನೆಗೆ ಬಂದಾಗ, ಕಪಾಟು ಚೊಕ್ಕಟ ಮಾಡುವ ನೆಪದಲ್ಲಿ ಅದು ಕೈಗೆ ಬಂತು. ದಾರ ಬಿಚ್ಚಿ ನೇರವಾಗಿ ಕೊನೆಯ ಹಾಳೆ ನೋಡಿದೆ. ಮೇಲೆಯೂ ಇಲ್ಲ, ಕೆಳಗೆಯೂ ಇಲ್ಲ. ಹಾಳೆ ಹೊಸದರ ಹಾಗೆ ಸಪಾಟಾಗಿತ್ತು. ಓದಿಯೇ ಇಲ್ಲ ಎಂದುಕೊಂಡೆ. ಹಾಳೆಗಳನ್ನು ತಟ್ಟಿ ಸರಿಮಾಡಿ ಮತ್ತೆ ಕಟ್ಟಲು ಹೋದಾಗ ಅಂಚು ಸಮನಾಗಿ ಕೂಡಲಿಲ್ಲ. ಕೊನೆಯ ಎರಡು ಅಧ್ಯಾಯಗಳಿಗೆ ಸರಿಯಾಗಿ ಮೊದಲು ಕಟ್ಟು ದಪ್ಪವಾಗಿತ್ತು.

ಅಲ್ಲಿನ ಪುಟದಲ್ಲಿ ಅಣ್ಣ ಸಂಜೆ ಈ ದಡದಲ್ಲಿ ನಿಂತಿದ್ದಾನೆ. ದೋಣಿ ಆ ದಡದಲ್ಲಿ ಕಟ್ಟಿದೆ. ಅವನು ಒಮ್ಮೆ ಹ್ವಾಯ್ ಎಂದು ಕೂಗುತ್ತಾನೆ. ಗಾಳಿ ಎದುರಿನಿಂದ ಬರುತ್ತಿದೆ. ಕೇಳಿಸಿತೋ ಇಲ್ಲವೋ, ಆ ದಡದಲ್ಲಿ ಯಾರೋ ಎದ್ದು ನಿಂತ ಹಾಗೆ ಕಾಣುತ್ತದೆ. ಆ ಪುಟವೂ ಆ ಅಧ್ಯಾಯವೂ ಅಲ್ಲಿಗೆ ಮುಗಿಯುತ್ತವೆ. ಆ ಹಾಳೆ ಮಡಚಿತ್ತು. ಹೊಲಿಗೆ ಇಲ್ಲದ ಹಾಳೆ. ಮೂಲೆಯಲ್ಲ, ಅಂಚಿಗೆ ಅಂಚು ಕೂಡಿಸಿ, ಬಾಳೆಎಲೆಯ ಹಾಗೆ, ಪೂರ್ತಿ.

ಸಂಭ್ರಮಪಡುವ ಮೊದಲು ಅನುಮಾನಪಡುವುದು ನನ್ನ ಅಭ್ಯಾಸ. ಚೀಲಕ್ಕೆ ತುಂಬುವಾಗ ಮಡಚಿರಬಹುದು. ಅತ್ತೆಗೆ ಫೋನ್ ಮಾಡಿದೆ.

"ನಾ ಎಂತಕ್ಕೆ ಮಡಚ್ಲಿ? ದಾರ ಬಿಚ್ಚಲೇ ಇಲ್ಲೆ" ಎಂದರು. ಮತ್ತೆ, "ಗೀರ್ ಇತ್ತಾ ಕಾಣ್. ಅವ್ರ್ ಟೋಕನ್‌ನ ಅಂಚಲ್ಲಿ ಗೀರಿಯೇ ಮಡಚುದ್" ಎಂದರು.

ಮರುದಿನವೇ ಹಾಲಾಡಿಗೆ ಹೋದೆ. ಅವರ ಪುಸ್ತಕಗಳ ಮಡಿಕೆಗಳ ಪಕ್ಕದಲ್ಲಿ ನನ್ನ ಹಾಳೆಯನ್ನಿಟ್ಟು ನೋಡಿದೆ. ಎಲ್ಲದರಲ್ಲೂ ಮಡಿಕೆಯ ಗೆರೆ ಉಗುರಿನಷ್ಟು ಅಗಲಕ್ಕೆ ಹೊಳೆಯುತ್ತಿತ್ತು. ನನ್ನದರಲ್ಲೂ. ಕೊನೆಯ ಎರಡು ಅಧ್ಯಾಯಗಳನ್ನು ಅಲ್ಲೇ ತೆಗೆದು ಬದಿಗಿಟ್ಟೆ. ಮಾವನಿಗಾಗಿ ಬರೆದ ಆ ಸೇತುವೆಯ ಮೇಲಿನ ಅಪ್ಪುಗೆ ಮಾವನಿಗೆ ಬೇಕಾಗಿರಲಿಲ್ಲ. ಆ ರಾತ್ರಿಯಿಂದಲೇ ಮತ್ತೆ ಬರೆಯಲು ಕೂತೆ. ಈಗ ಇದನ್ನೂ ಬರೆಯುತ್ತಿದ್ದೇನೆ.

ಬಸ್ಸಿನ ಬಳಿ ಅವರು ಏನು ಹೇಳಿದರು, ಕೋಡಿಗೆ ಹೋದೆವೋ ಮರವಂತೆಗೋ, ತಮ್ಮನ ಬಗ್ಗೆ ಅಷ್ಟೇ ಹೇಳಿದರೋ ಇನ್ನೇನಾದರೂ ಹೇಳಿದರೋ, ಯಾವುದಕ್ಕೂ ನಾನು ಆಣೆ ಇಡಲಾರೆ. ಒಂದನ್ನು ಮಾತ್ರ ಪರೀಕ್ಷೆ ಮಾಡಿದ್ದೇನೆ. ಗಲ್ಲಾದ ಹಿಂದೆ, ಅವರು ನಿಲ್ಲುತ್ತಿದ್ದ ಜಾಗದಲ್ಲಿಯೇ ನಿಂತು, ಆ ಹಾಳೆಯನ್ನು ಕಟ್ಟಿನಲ್ಲಿ ಇದ್ದ ಹಾಗೆಯೇ, ಓದುವವನ ಎದುರಿಗೆ ಬರುವಂತೆ ಇಟ್ಟು ನೋಡಿದೆ. ಅದರ ಮೇಲಿನ ಅರ್ಧ ನಿಂತವನ ಕಡೆಗೇ ಮಡಚಿದೆ.